ಮಗ ಬರೆದಿಟ್ಟ ಮ್ಯಾಕ್ರೊ

ಅತ್ತೆ ಸೊಸೆ ಇಬ್ಬರೂ ಒಂದೇ ಮನೆಯಿಂದ ಹೊರಟು ಒಂದೇ ಆಫೀಸಿಗೆ ಹೋಗುತ್ತಿದ್ದರು. ಆದರೆ ಒಂದೇ ಬಸ್ಸಿನಲ್ಲಿ ಹೋದವರಲ್ಲ. ಅತ್ತೆ ಬೆಳಗಿನ ಮೊದಲ ಬಸ್ಸು ಹಿಡಿದರೆ, ಸೊಸೆ ಅದು ಕಣ್ಮರೆಯಾದ ಮೇಲೆಯೇ ಚಪ್ಪಲಿ ಮೆಟ್ಟುವಳು. ಆಫೀಸಿನಲ್ಲಿ ಇಬ್ಬರ ಕುರ್ಚಿಗಳೂ ಬೆನ್ನಿಗೆ ಬೆನ್ನು. ಸೊಸೆಗೆ ಫ್ಯಾನು ಬೇಕು, ಅತ್ತೆಗೆ ಬೇಡ. ಬೇಕೆಂದು ಇವಳು ಕೇಳುವುದಿಲ್ಲ, ಬೇಡವೆಂದು ಅವಳು ಹೇಳುವುದಿಲ್ಲ. ಇವಳು ಎದ್ದು ಹಾಕುವಳು, ಅವಳು ಎದ್ದು ಆರಿಸುವಳು. ಹಿರಿಯ ಡ್ರೈವರು ಒಮ್ಮೆ, ಎಣ್ಣೆಯನ್ನೂ ಸೀಗೇಕಾಯಿಯನ್ನೂ ಒಂದೇ ಗೂಡಿನಲ್ಲಿ ಇಟ್ಟಿದ್ದಾರೆ, ನೊರೆ ಏಳುವುದೊಂದು ಬಾಕಿ ಎಂದು ಶೆಡ್ಡಿನಲ್ಲಿ ಎಲ್ಲರನ್ನೂ ನಗಿಸಿದ್ದ.

ಮನೆಯಲ್ಲೇ ಮಲಗಿ ಉಸಿರಿಗೆ ಕಷ್ಟಪಡುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರು ತಲುಪಿಸುವ ಆಫೀಸು ಅದು. ಮುಂದೆ ನಾಲ್ಕು ಮೇಜಿನ ಹಜಾರ, ಗಾಜಿನ ಗೋಡೆಯಾಚೆ ಮ್ಯಾನೇಜರ ಕೋಣೆ, ಹಿಂದುಗಡೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಖಾಲಿ ಸಿಲಿಂಡರುಗಳು ಒಂದು ಗೋಡೆಗೆ, ತುಂಬಿದವು ಇನ್ನೊಂದು ಗೋಡೆಗೆ, ಸರಪಳಿ ಹಾಕಿಸಿಕೊಂಡು ನಿಂತಿರುತ್ತಿದ್ದವು. ಬೆಳಿಗ್ಗೆ ಅಂದಂದಿನ ಪಟ್ಟಿ ಅಚ್ಚಾಗಿ ಬಂದರೆ ಡ್ರೈವರುಗಳು ಅದನ್ನು ಹಿಡಿದು ಹೊರಡುವರು. ಪಟ್ಟಿಯಲ್ಲಿ ಹೆಸರಿದ್ದವರ ಮನೆಗೆ ಉಸಿರು ಹೋಗುತ್ತದೆ, ಇಲ್ಲದವರ ಮನೆಗೆ ಇಲ್ಲ. ಇಷ್ಟೇ ವ್ಯವಹಾರ.

ಆ ಪಟ್ಟಿಯನ್ನು ಮಾಡುವವಳು ಅತ್ತೆ. ಆಫೀಸಿಗೆಲ್ಲ ಅವಳು ದೊಡ್ಡಮ್ಮ. ಟೈಪ್‌ರೈಟರಿನ ಕಾಲದಲ್ಲಿ ಸೇರಿದವಳು. ನಾಲ್ವರು ಮ್ಯಾನೇಜರುಗಳು ಅವಳ ಕಣ್ಣೆದುರೇ ಬಂದು ಹೋಗಿದ್ದರು. ಊರಿನ ಬೇರೆ ಬೇರೆ ಶಾಖೆಗಳವರು ತಮ್ಮ ತಮ್ಮ ರೋಗಿಗಳ ವಿವರವನ್ನು ಕಳಿಸಿದರೆ ಅವನ್ನೆಲ್ಲ ಒಂದು ದೊಡ್ಡ ಎಕ್ಸೆಲ್ ಹಾಳೆಗೆ ಅಂಟಿಸಬೇಕು. ಕಳಿಸುವವರು ಒಬ್ಬರಂತೆ ಒಬ್ಬರಿಲ್ಲ. ಒಬ್ಬ ತಾರೀಖಿನ ನಡುವೆ ಚುಕ್ಕಿ ಇಡುವವನು. ದೊಡ್ಡಮ್ಮ ಅವನಿಗೆ ಚುಕ್ಕಿರಾಯ ಎಂದು ಹೆಸರಿಟ್ಟಿದ್ದಳು. ಗೀಟು ಎಳೆಯುವವನು ಗೀಟಪ್ಪ. ಇನ್ನೊಬ್ಬಳು ಮೂರು ಚೌಕ ಸೇರಿಸಿ ಒಂದು ಮಾಡಿ, ಅದಕ್ಕೆ ಗುಲಾಬಿ ಬಣ್ಣ ಬಳಿದು ಕಳಿಸುವಳು. ಅವಳು ಬಣ್ಣದ ಗೊಂಬೆ. ಮತ್ತೊಬ್ಬ ಫೋನಿಗೆ ಬಂದ ಮೆಸೇಜನ್ನೇ ಎತ್ತಿ ಹೆಸರು, ವಿಳಾಸ, ನಂಬರು ಎಲ್ಲವನ್ನೂ ಒಂದೇ ಚೌಕದೊಳಗೆ ತುರುಕುವವನು, ಅವನು ಮೂಟೆಗಾರ. ಈ ಮಹನೀಯರ ಮುಖವನ್ನು ಅವಳು ನೋಡಿದವಳಲ್ಲ. ಆದರೆ ಅವರವರ ಕೊಳೆಯಿಂದಲೇ ಅವರವರ ಗುಣ ಹೇಳಬಲ್ಲವಳಾಗಿದ್ದಳು.

ಮೊದಲು ಈ ಕೊಳೆಯನ್ನೆಲ್ಲ ಅವಳೇ ಕೈಯಿಂದ ತೊಳೆಯುತ್ತಿದ್ದಳು. ಸಂಜೆಗೆ ಬೆರಳ ಗಿಣ್ಣುಗಳು ಊದಿಕೊಂಡು ತುತ್ತು ಕಲಸಲೂ ಆಗುತ್ತಿರಲಿಲ್ಲ. ಅದೇ ಆಫೀಸಿನಲ್ಲಿ ಕೆಲಸಕ್ಕಿದ್ದ ಮಗ ಅದನ್ನು ನೋಡಿ ಒಂದು ಭಾನುವಾರ ಕೂತು ಮ್ಯಾಕ್ರೊ ಬರೆದ. ಮ್ಯಾಕ್ರೊ ಎಂದರೆ ಮತ್ತೇನಲ್ಲ, ಕಂಪ್ಯೂಟರಿಗೆ ಒಮ್ಮೆ ಬರೆದಿಟ್ಟ ಅಪ್ಪಣೆಗಳ ಸಾಲು. ಗುಂಡಿ ಒತ್ತಿದರೆ ಅದು ಬಣ್ಣ ಅಳಿಸುತ್ತದೆ, ಸೇರಿಸಿದ ಚೌಕ ಬಿಡಿಸುತ್ತದೆ, ಚೆಲ್ಲಿದ ಖಾಲಿ ಜಾಗ ಗುಡಿಸುತ್ತದೆ, ಮೂಟೆ ಬಿಚ್ಚುತ್ತದೆ, ತಾರೀಖುಗಳನ್ನೆಲ್ಲ ಒಂದೇ ಬಗೆಗೆ ತರುತ್ತದೆ. ಕಳೆದ ತಾರೀಖಿನ ಸಾಲುಗಳನ್ನು ‘ಮುಗಿದವು’ ಎಂಬ ಇನ್ನೊಂದು ಹಾಳೆಗೆ ದಾಟಿಸಿ, ಇಂದಿನವನ್ನು ಮಾತ್ರ ಪಟ್ಟಿಗೆ ಉಳಿಸುತ್ತದೆ. ದಿನದ ಕೆಲಸ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಕೊನೆಗೆ ಪರದೆಯ ನಡುವೆ ಒಂದು ಸಣ್ಣ ಚೌಕಟ್ಟು ಎದ್ದು ನಿಲ್ಲುತ್ತಿತ್ತು. ಅದರಲ್ಲಿ ಅವನು ಬರೆದಿದ್ದ:

‘ಆಯ್ತಮ್ಮ. ಇನ್ನು ಏಳು, ನಾಲ್ಕು ಹೆಜ್ಜೆ ಓಡಾಡು.’

ಕೂತು ಕೂತು ಅವಳ ಕಾಲು ನೀರು ತುಂಬಿಕೊಳ್ಳುತ್ತಿತ್ತೆಂದು ಹಾಗೆ ಬರೆದದ್ದು. ಅವಳು ನಕ್ಕು, ಸರಿ ಒಡೆಯಾ ಎಂದು ಎದ್ದು ಶೆಡ್ಡಿನವರೆಗೆ ಹೋಗಿ ಬರುವಳು.

ಆ ಮಗ ಹೋಗಿ ಮಳೆಗಾಲವೊಂದು ಕಳೆದಿತ್ತು. ಜ್ವರವೆಂದು ಮಲಗಿದ. ಬೆಳಿಗ್ಗೆ ಅವಳು ಅವನ ಕೋಣೆಯ ಬಾಗಿಲಿಗೆ ಹೋದಾಗ ಸೊಸೆ ಅಡ್ಡ ನಿಂತು, ಈಗ ತಾನೆ ನಿದ್ದೆ ಹತ್ತಿದೆ, ಎಬ್ಬಿಸಬೇಡಿ ಅತ್ತೆ ಎಂದಿದ್ದಳು. ಅವಳು ಹಿಂದಕ್ಕೆ ಬಂದಳು. ಅವನು ಏಳಲೇ ಇಲ್ಲ. ವೈದ್ಯರು ಏನೇನೋ ಕಾರಣ ಹೇಳಿದರು. ಎಬ್ಬಿಸಿದ್ದರೂ ಅಷ್ಟೇ ಎಂದರು. ಅವಳು ಒಪ್ಪಲಿಲ್ಲ. ದೇವರು ಕೊಟ್ಟದ್ದನ್ನು ದೇವರು ತೆಗೆದುಕೊಂಡ ಎಂದು ನೆರೆಯವರ ಮುಂದೆ ಹೇಳುವಳು, ಪ್ರಾರ್ಥನೆಗೆ ಕೂತಾಗ ತನಗೂ ಹೇಳಿಕೊಳ್ಳುವಳು. ಎದ್ದ ಕೂಡಲೇ ಅಡಿಗೆಮನೆಯಲ್ಲಿ ಸೊಸೆಯ ಬೆನ್ನು ಕಂಡರೆ, ತೆಗೆದುಕೊಂಡದ್ದು ದೇವರಲ್ಲ ಎನ್ನಿಸುವುದು.

ಮಗನ ಕುರ್ಚಿಯನ್ನು ಮ್ಯಾನೇಜರು ಸೊಸೆಗೆ ಕೊಟ್ಟರು. ಆದರೆ ಕಾಯಂ ಮಾಡಿರಲಿಲ್ಲ. ಕೆಲಸ ನೋಡಿ ವರ್ಷದ ಕೊನೆಗೆ ಹೇಳುತ್ತೇನೆ ಎಂದಿದ್ದರು. ಅದು ತಪ್ಪಿದರೆ ಅವಳಿಗೆ ಅಣ್ಣನ ಮನೆಯೇ ಗತಿ. ಅಲ್ಲಿ ಅತ್ತಿಗೆ ಇಟ್ಟದ್ದನ್ನು ತಲೆ ತಗ್ಗಿಸಿ ಉಣ್ಣಬೇಕು. ಇದು ಸೊಸೆಗೂ ಗೊತ್ತು, ದೊಡ್ಡಮ್ಮನಿಗೂ ಗೊತ್ತು.

ಅಷ್ಟರಲ್ಲಿ ಹೊಸ ಶಾಖೆಯೊಂದು ಬಂತು. ಇವರ ಧಣಿಗಳು ಇನ್ನೊಂದು ಸಣ್ಣ ಕಂಪನಿಯನ್ನು ಕೊಂಡುಕೊಂಡಿದ್ದರು. ಅಲ್ಲಿಯ ಕಂಪ್ಯೂಟರು ತಾರೀಖನ್ನು ತಿರುವುಮುರುವಾಗಿ ಬರೆಯುತ್ತಿತ್ತು, ತಿಂಗಳು ಮೊದಲು, ದಿನ ಆಮೇಲೆ. ಮಗನ ಮ್ಯಾಕ್ರೊಗೆ ದಿನವೇ ಮೊದಲು ಎಂಬುದು ವೇದವಾಕ್ಯ. ಐದನೆಯ ತಿಂಗಳ ಮೂರನೆಯ ದಿನ ಸಿಲಿಂಡರು ಬೇಕೆಂದು ಬಂದ ಸಾಲನ್ನು ಅದು ಮೂರನೆಯ ತಿಂಗಳ ಐದನೆಯ ದಿನವೆಂದು ಓದಿ, ಓ ಇದು ಕಳೆದುಹೋದದ್ದು ಎಂದು ಎತ್ತಿ ‘ಮುಗಿದವು’ ಹಾಳೆಗೆ ಹಾಕಿಬಿಡುವುದು. ದಿನದ ಅಂಕಿ ಹನ್ನೆರಡು ದಾಟಿದ್ದರೆ ಅಂಥ ತಿಂಗಳಿಲ್ಲವೆಂದು ಕೆಂಪಾಗಿ ನಿಲ್ಲುವುದು. ಅದರೊಳಗಿದ್ದರೆ ಸದ್ದಿಲ್ಲದೆ ನುಂಗುವುದು.

ಮೊದಲ ದಿನವೇ ದೊಡ್ಡಮ್ಮನ ಕಣ್ಣಿಗೆ ಬಿತ್ತು. ಆ ಶಾಖೆಗೆ ಫೋನು ಮಾಡಿದರೆ ಅಲ್ಲಿಯವನು, ನಮ್ಮ ಮೆಷೀನು ಹಾಗೇ ಕೊಡುವುದು, ನಿಮ್ಮದನ್ನು ತಿದ್ದಿಕೊಳ್ಳಿ ಎಂದು ಇಟ್ಟುಬಿಟ್ಟ. ತಿದ್ದುವುದೆಂದರೆ ಮಗ ಬರೆದದ್ದರ ಮೇಲೆ ಕೈಯಾಡಿಸುವುದು. ಅದು ಅವಳಿಗೆ ಬರುವುದಿಲ್ಲ, ಬರುವುದು ಸೊಸೆಗೆ. ಗಂಡನೇ ಕಲಿಸಿದ್ದ.

ದೊಡ್ಡಮ್ಮ ಯಾರಿಗೂ ಹೇಳಲಿಲ್ಲ. ಮರುದಿನದಿಂದ ಇನ್ನೂ ಮುಂಚಿನ ಬಸ್ಸು ಹಿಡಿದಳು. ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು, ಹಜಾರದ ಒಂದೇ ದೀಪ ಹಾಕಿಕೊಂಡು, ಹೊಸ ಶಾಖೆಯ ತಾರೀಖುಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ಕೂರಿಸುವಳು. ಆಮೇಲೆ ದೇವರನ್ನು ನೆನೆದು ಗುಂಡಿ ಒತ್ತುವಳು. ಮ್ಯಾಕ್ರೊ ಸರಿಯಾಗಿ ಓಡುವುದು. ‘ಆಯ್ತಮ್ಮ’ ಎನ್ನುವುದು. ಬೆರಳ ಗಿಣ್ಣುಗಳು ಮತ್ತೆ ಊದತೊಡಗಿದ್ದವು. ತನ್ನ ಬೆರಳಿಗೆಂದು ಮಗ ಮಾಡಿಕೊಟ್ಟದ್ದರ ಮಾನ ಉಳಿಸಲು ಅದೇ ಬೆರಳು ತೇಯುತ್ತಿದ್ದೇನೆ ಎಂಬ ಯೋಚನೆ ಅವಳಿಗೆ ಬರಲಿಲ್ಲವೆಂದಲ್ಲ. ಬಂದರೂ ಕೂರಿಸಿ ಮಾತಾಡಿಸಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳಿಗೆ ಹೆಗ್ಗಣವೂ ಉಳಿದಿರಲಿಲ್ಲ. ಅದು ಕೊರೆದ ಬಿಲವೊಂದು ಉಳಿದಿತ್ತು.

ಹೊಸ ಶಾಖೆ ಬಂದದ್ದನ್ನು ನೋಡಿ ಸೊಸೆ ಒಂದು ಸಂಜೆ ಪಾತ್ರೆ ಒರೆಸುತ್ತ, ಆ ಮ್ಯಾಕ್ರೊವನ್ನು ಹೊಸದಾಗಿ ಬರೆಯಬೇಕು ಎಂದಳು.

"ಯಾಕೆ? ಅದಕ್ಕೇನಾಗಿದೆ ಧಾಡಿ?"

"ಬೇರೆ ಶಾಖೆ ಸೇರಿದ್ರೆ ಇದು ಕೈ ಕೊಡುತ್ತೆ ಅಂತ ಅವರೇ ಹೇಳ್ತಿದ್ರು ಅತ್ತೆ. ಅವಸರದಲ್ಲಿ ಬರೆದದ್ದು, ಒಂದಿನ ಕೂತು ಎಲ್ಲಾ ಕಿತ್ತು ಬರೀಬೇಕು ಅಂತಿದ್ರು."

"ನನ್ನ ಹತ್ತಿರ ಅನ್ನಲಿಲ್ಲ."

"ನನ್ನ ಹತ್ತಿರ ಅಂದ್ರು."

"ಸತ್ತವನ ಬಾಯಲ್ಲಿ ಏನು ಬೇಕಾದ್ರೂ ಹಾಕಬಹುದು ಬಿಡು. ಅವನೇನು ಎದ್ದು ಬಂದು ಇಲ್ಲ ಅಂತಾನಾ? ಏಳಿಸೋ ಹೊತ್ತಿಗೆ ಏಳಿಸೋಕೆ ಬಿಡಲಿಲ್ಲ."

ಸೊಸೆಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಅದನ್ನು ಮೆಲ್ಲಗೆ ಕಪಾಟಿನಲ್ಲಿಟ್ಟು ಕೋಣೆಗೆ ಹೋದಳು. ದಢಾರನೆ ಬಾಗಿಲು ಹಾಕಿದ್ದರೆ ದೊಡ್ಡಮ್ಮನಿಗೆ ಸಮಾಧಾನವಾಗುತ್ತಿತ್ತು. ಅವಳು ಚಿಲಕದ ಸದ್ದೂ ಆಗದಂತೆ ಹಾಕಿದಳು.

ಆಮೇಲೆ ಸೊಸೆ ಮ್ಯಾನೇಜರ ಬಳಿಗೆ ಎರಡು ಸಲ ಹೋಗಿ ಬಂದಳು. ಮ್ಯಾನೇಜರು, ಓಡುವ ಗಾಡಿಗೆ ಯಾಕಮ್ಮ ಕಡ್ಡಿ ಹಾಕುತ್ತೀರಿ, ದೊಡ್ಡಮ್ಮ ದಿನಾ ಓಡಿಸುತ್ತಿದ್ದಾರೆ, ಒಂದು ತಪ್ಪು ಬಂದಿಲ್ಲ ಎಂದು ಕಳಿಸಿದರಂತೆ. ಇದನ್ನು ಕೇಳಿ ದೊಡ್ಡಮ್ಮ ಅಂದು ಎರಡು ತುತ್ತು ಹೆಚ್ಚು ಉಂಡಳು.

ಆದರೆ ಮುಂಜಾನೆಯ ಚಳಿ, ಕೂತೇ ಇರುವ ಕೆಲಸ, ಎರಡೂ ಕೂಡಿ ಅವಳ ಬಲಗಾಲು ಊದಿ ಕುಂಬಳಕಾಯಾಯಿತು. ವೈದ್ಯರು ಬೆರಳಿನಿಂದ ಒತ್ತಿ, ಬಿದ್ದ ಗುಳಿ ತೋರಿಸಿ, ಹೀಗೇ ಬಿಟ್ಟರೆ ಕಾಲಿನ ಆಸೆ ಬಿಡಬೇಕಾದೀತು, ವಾರವಿಡೀ ಮಲಗಿರಬೇಕು ಎಂದರು. ಸೊಸೆ ಗಂಜಿ ಮಾಡಿ, ಕಾಲ ಕೆಳಗೆ ದಿಂಬು ಕೊಟ್ಟು, ಒಂದು ಮಾತಿಲ್ಲದೆ ಆಫೀಸಿಗೆ ಹೊರಟಳು. ಹೊಸ ತಿಂಗಳ ಮೊದಲ ವಾರ ಅದು. ಇಂದು ಪಟ್ಟಿ ಓಡಿಸುವವಳು ಇವಳೇ.

ಹೇಳಬೇಕು, ಹೊಸ ಶಾಖೆಯ ತಾರೀಖು ನೋಡಿಕೋ ಎಂದು ಒಂದು ಮಾತು. ಬಾಗಿಲ ತನಕ ಆ ಮಾತು ದೊಡ್ಡಮ್ಮನ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಮಗನ ಕೆಲಸ ಕುಂಟು ಎಂದು ತಾನೇ ಒಪ್ಪಿದಂತೆ, ಅದೂ ಇವಳ ಮುಂದೆ. ಬುದ್ಧಿವಂತೆ, ಅವಳ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದುಕೊಂಡಳು. ದೇವರೇ, ನೀನೇ ನಡೆಸು ಎಂದು ಅವನ ತಲೆಗೆ ಕಟ್ಟಿ ಕಣ್ಣು ಮುಚ್ಚಿದಳು. ಬಾಗಿಲು ಹಾಕಿಕೊಂಡಿತು.

ಇಷ್ಟು ದಿನ ತಪ್ಪಿಲ್ಲದೆ ಓಡಿದ್ದು ತಾನೆ ಎಂದುಕೊಂಡು ಸೊಸೆ ಬಂದದ್ದನ್ನು ಬಂದಂತೆ ಅಂಟಿಸಿದಳು, ಗುಂಡಿ ಒತ್ತಿದಳು. ಹೊಸ ಶಾಖೆಯ ಸಾಲುಗಳೆಲ್ಲ ‘ಮುಗಿದವು’ ಹಾಳೆಗೆ ಹೋಗಿ ಮಲಗಿದವು. ಡ್ರೈವರುಗಳು ತಮ್ಮ ಕೈಗೆ ಬಂದ ಪಟ್ಟಿ ಹಿಡಿದು ಹೊರಟರು. ಹೊಸ ಶಾಖೆಯ ಕಡೆಗೆ ಯಾವ ಗಾಡಿಯೂ ತಿರುಗಲಿಲ್ಲ. ಅಲ್ಲಿಯ ಒಬ್ಬ ಮುದುಕ ದರ್ಜಿಯ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಸಿಲಿಂಡರಿನ ಮುಳ್ಳು ಕೆಳಕ್ಕೆ ಇಳಿಯಿತು. ಅವನ ಹೆಂಡತಿ, ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿಟಕಿಗೆ ಕಣ್ಣಿಟ್ಟು ಕಾದಳು. ಕೊನೆಗೆ ನೆರೆಯವರು ಹೊತ್ತು ಆಸ್ಪತ್ರೆಗೆ ಹಾಕಿದರು. ದೇವರು ದೊಡ್ಡವನು, ಜೀವ ಉಳಿಯಿತು. ಆದರೆ ಆ ಹೆಂಡತಿ ಮರುದಿನ ಆಫೀಸಿಗೆ ಬಂದು, ಖಾಲಿ ಸಿಲಿಂಡರನ್ನು ತಳ್ಳುಗಾಡಿಯಿಂದ ಇಳಿಸಿ ಹಜಾರದ ನಡುವೆ ನಿಲ್ಲಿಸಿ, ಇದರಲ್ಲಿ ಯಾರಾದರೂ ಒಬ್ಬರು ಉಸಿರಾಡಿ ತೋರಿಸಿ ಎಂದು ಕೇಳಿದಳು.

ಈ ಸುದ್ದಿಯನ್ನು ಮನೆಗೆ ತಂದವನು ಹಿರಿಯ ಡ್ರೈವರು. ದೊಡ್ಡಮ್ಮನ ಕಾಲು ನೋಡಲು ಬಂದವನು ಅಂಗಳದಲ್ಲೇ ನಿಂತು ಎಲ್ಲ ಒಪ್ಪಿಸಿದ. ಸೊಸೆಯೇ ಮ್ಯಾಕ್ರೊ ಮೇಲೆ ಕೈಯಾಡಿಸಿ ಕೆಡಿಸಿದ್ದಾಳೆಂದು ಮ್ಯಾನೇಜರ ಗುಮಾನಿಯಂತೆ. ಬದಲಾಯಿಸಬೇಕೆಂದು ಎರಡು ಸಲ ಬಂದವಳು ಅವಳೇ, ದೊಡ್ಡಮ್ಮ ರಜೆ ಹಾಕಿದ ದಿನವೇ ಕೆಟ್ಟಿತು, ಇನ್ನೇನು ಪುರಾವೆ ಬೇಕು ಎಂದರಂತೆ. ದೊಡ್ಡಮ್ಮ ನಾಳೆ ಒಂದು ಗಳಿಗೆ ಬಂದು, ಮುಂಚೆ ಸರಿಯಾಗಿತ್ತು ಎಂದು ಒಂದು ಮಾತು ಹೇಳಿದರೆ ಸಾಕು, ಕೆಲಸದಿಂದ ತೆಗೆದ ಕಾಗದವನ್ನು ಸೊಸೆಯ ಕೈಗೆ ಕೊಟ್ಟು ಕಳಿಸುತ್ತಾರಂತೆ. ಗಾಡಿ ಕಳಿಸುತ್ತೇನೆ ಎಂದೂ ಹೇಳಿದ್ದಾರಂತೆ.

"ನಿಮಗೆ ಸಲೀಸಾಯ್ತಲ್ಲ ದೊಡ್ಡಮ್ಮ," ಎಂದ ಡ್ರೈವರು. ಹಾಸ್ಯವೋ ಚುಚ್ಚೋ ತಿಳಿಯದಂಥ ದನಿ. "ಕೋಲೂ ಮುರಿಯಲಿಲ್ಲ, ಹಾವೂ ಸತ್ತಿತು."

ಅವನು ಹೋದ ಮೇಲೆ ದೊಡ್ಡಮ್ಮ ಕಾಲು ನೀಡಿಕೊಂಡು ಆ ಮಾತನ್ನೇ ನೋಡುತ್ತ ಕೂತಳು. ನಿಜ. ಮುಂಚೆ ಸರಿಯಾಗಿತ್ತು ಎಂದರೆ ಸುಳ್ಳೂ ಅಲ್ಲ. ಪಟ್ಟಿ ಸರಿಯಾಗಿಯೇ ಇತ್ತು. ಒಂದು ಮಾತು. ಸೊಸೆ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಹೋಗುತ್ತಾಳೆ. ಅಡಿಗೆಮನೆಯಲ್ಲಿ ಆ ಬೆನ್ನು ಕಾಣುವುದಿಲ್ಲ. ಮಗನ ಮ್ಯಾಕ್ರೊ ಹಾಗೆಯೇ ಇರುತ್ತದೆ, ದಿನಾ ಬೆಳಿಗ್ಗೆ ಮಾತಾಡಿಸುತ್ತದೆ. ಬೇಡಿದ್ದನ್ನು ಯಾರೋ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಂತಿತ್ತು. ತಟ್ಟೆಯ ಅಂಚಿಗೆ ದರ್ಜಿಯ ಹೆಂಡತಿ ಆ ಖಾಲಿ ಸಿಲಿಂಡರು ಹಿಡಿದು ನಿಂತಿದ್ದಳು.

ಸಂಜೆ ಸೊಸೆ ಬಂದವಳು ಚೀಲ ಇಳಿಸಲಿಲ್ಲ. ನೆಟ್ಟಗೆ ಮಂಚದ ಬಳಿ ಬಂದು ನಿಂತಳು.

"ದಿನಾ ಮುಂಚೆ ಹೋಗಿ ಏನು ಮಾಡ್ತಿದ್ರಿ ಅತ್ತೆ?"

ದೊಡ್ಡಮ್ಮ ಕಾಲಿನ ದಿಂಬು ಸರಿಪಡಿಸಿಕೊಂಡಳು.

"ಆ ಶಾಖೆಯವರು ಮೊದಲಿಂದ ಕಳಿಸಿದ್ದನ್ನೆಲ್ಲ ತೆಗೆದು ನೋಡಿದೆ. ಎಲ್ಲಾ ತಾರೀಖೂ ತಿರುವುಮುರುವು. ನಿಮ್ಮ ಹಾಳೆಯಲ್ಲಿ ಮಾತ್ರ ಎಲ್ಲಾ ನೆಟ್ಟಗೆ. ಮ್ಯಾಕ್ರೊ ಓಡೋಕೆ ಮುಂಚೆನೇ ನೆಟ್ಟಗೆ. ಅದು ದೇವರು ಬಂದು ಮಾಡಿದ್ದಾ?"

"ದೇವರ ಹೆಸರು ಎತ್ತಬೇಡ."

"ಯಾಕೆತ್ತಬಾರದು? ನಿಮಗೊಬ್ಬರಿಗೇ ಬರೆದು ಕೊಟ್ಟಿದಾರಾ ದೇವರನ್ನ?" ಅವಳ ದನಿ ಏರಲಿಲ್ಲ. ಏರದೇ ಇದ್ದದ್ದೇ ದೊಡ್ಡಮ್ಮನಿಗೆ ಹೆಚ್ಚು ನಾಟಿತು. "ನಿನ್ನೆ ಹೋಗುವಾಗ ಬಾಗಿಲಲ್ಲಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಮುದುಕರು ಸತ್ತಿದ್ರೆ ಆ ಪಾಪ ನನ್ನ ತಲೆಗೆ ಕಟ್ತಿದ್ರಿ. ಹೇಗೂ ಒಂದು ಕಟ್ಟಿದೀರಲ್ಲ, ಜೊತೆಗೆ ಇನ್ನೊಂದು."

"ನೀನು ಅವನನ್ನ ಏಳಿಸೋಕೆ ಬಿಡಲಿಲ್ಲ."

"ಬಿಡಲಿಲ್ಲ. ರಾತ್ರಿಯೆಲ್ಲ ಒದ್ದಾಡಿ ಕಣ್ಣು ಮುಚ್ಚಿದ್ರು, ಒಂದಿಷ್ಟು ನಿದ್ದೆ ಮಾಡಲಿ ಅಂದ್ಕೊಂಡೆ. ಅದು ನನ್ನ ಗಂಡ ಅತ್ತೆ. ದಿನಾ ಏಳ್ತೀನಲ್ಲ, ಎದ್ದ ತಕ್ಷಣ ನನಗೆ ನೆನಪಾಗೋದು ಅದೇ. ನೀವು ನೆನಪು ಮಾಡಿಕೊಡಬೇಕಾಗಿಲ್ಲ."

ದೊಡ್ಡಮ್ಮ ಗೋಡೆ ನೋಡಿದಳು. ಸೊಸೆ ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದಳು.

"ನಿನ್ನೆ ಓಡಿಸಿದೆನಲ್ಲ, ಆ ಚೌಕಟ್ಟು ನನಗೂ ಬಂತು. ‘ಆಯ್ತಮ್ಮ’ ಅಂತು. ನನಗಲ್ಲ ಅದು, ನಿಮಗೆ. ನನಗೆ ಅಂತ ಅವರು ಒಂದಕ್ಷರ ಬರೆದಿಟ್ಟಿಲ್ಲ. ನಿಮ್ಮನ್ನ ದಿನಾ ಬೆಳಿಗ್ಗೆ ಮಾತಾಡಿಸ್ತಾರೆ. ಅದನ್ನ ಉಳಿಸಿಕೊಳ್ಳೋಕೆ ನನ್ನ ಅನ್ನ ಕಿತ್ಕೊಳ್ಳಿ ಪರವಾಗಿಲ್ಲ. ಕಿತ್ಕೊಳ್ತಾ ಇದೀನಿ ಅಂತ ಗೊತ್ತಿದ್ದು ಕಿತ್ಕೊಳ್ಳಿ, ಅಷ್ಟೇ."

ಎಂದವಳು ಗಂಜಿಗೆ ಅಕ್ಕಿ ತೊಳೆಯಲು ಹೋದಳು. ಆ ದಿನದ ಗಂಜಿಗೆ ಉಪ್ಪು ಸರಿಯಾಗಿಯೇ ಇತ್ತು. ದೊಡ್ಡಮ್ಮನಿಗೆ ಅದೂ ಒಂದು ಸಿಟ್ಟು. ಪ್ರಾರ್ಥನೆಗೆ ಕೂತರೆ ತುಟಿ ಆಡಿತೇ ಹೊರತು ಮಾತು ಮೇಲೇರಲಿಲ್ಲ. ಸೂರಿಗೆ ತಾಗಿ ತಲೆಯ ಮೇಲೇ ಬೀಳುತ್ತಿತ್ತು.

ಬೆಳಿಗ್ಗೆ ಆಫೀಸಿನ ಗಾಡಿ ಬಂತು. ಹಿರಿಯ ಡ್ರೈವರು ಅವಳ ರಟ್ಟೆ ಹಿಡಿದು ಹತ್ತಿಸಿದ. ಸೊಸೆ ಎಂದಿನಂತೆ ಬಸ್ಸಿಗೇ ಹೋದಳು.

ಮ್ಯಾನೇಜರ ಕೋಣೆಯಲ್ಲಿ ಸೊಸೆ ಗಾಜಿನ ಗೋಡೆಗೆ ಒರಗಿ ನಿಂತಿದ್ದಳು. ಕೂರಲು ಯಾರೂ ಹೇಳಿರಲಿಲ್ಲ. ಮ್ಯಾನೇಜರು ದೊಡ್ಡಮ್ಮನಿಗೆ ತಾವೇ ಎದ್ದು ಕುರ್ಚಿ ಎಳೆದುಕೊಟ್ಟರು, ಕಾಲಿಗೆ ಇನ್ನೊಂದು ಸ್ಟೂಲು ತರಿಸಿದರು. ಬಹಳ ಕೇಳುವುದಿಲ್ಲ ದೊಡ್ಡಮ್ಮ, ಒಂದೇ ಮಾತು ಎಂದರು. ನೀವು ಓಡಿಸುವಾಗ ಅದು ಸರಿಯಾಗಿತ್ತು ತಾನೆ?

"ಇವಳು ಮುಟ್ಟಿಲ್ಲ," ಎಂದಳು ದೊಡ್ಡಮ್ಮ.

"ಅದು ನಿಮಗೆ ಹೇಗೆ ಗೊತ್ತು? ನೀವು ಮಲಗಿದ್ರಿ."

"ಮುಟ್ಟೋಕೆ ನಾನು ಬಿಟ್ಟಿದ್ರೆ ತಾನೆ ಮುಟ್ಟೋದು."

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಸೊಸೆಯ ಮೇಲಿನ ಕರುಣೆಯಿಂದ ಹೇಳುತ್ತಿದ್ದಾರೆಂದು ಬಗೆದು, ಕರುಣೆ ಇಲ್ಲಿ ಬೇಡ ದೊಡ್ಡಮ್ಮ, ಮನೆಯ ಮಾತು ಬೇರೆ, ಆಫೀಸಿನ ಮಾತು ಬೇರೆ ಎಂದು ಬುದ್ಧಿ ಹೇಳಲು ಹೊರಟರು. ಕರುಣೆ ಎಂಬ ಮಾತು ಕೇಳಿ ದೊಡ್ಡಮ್ಮನಿಗೆ ಮೈ ಉರಿಯಿತು. ಇವಳ ಮೇಲೆ ನನಗೆ ಎಂಥ ಕರುಣೆ? ಕಂಪ್ಯೂಟರು ಈ ಕಡೆ ತಿರುಗಿಸಿ ಎಂದಳು.

ಅಂದು ಬೆಳಿಗ್ಗೆ ಹೊಸ ಶಾಖೆಯಿಂದ ಬಂದಿದ್ದನ್ನು ತೆರೆದು, ಏನೂ ತಿದ್ದದೆ, ಹಾಗೆಯೇ ಎತ್ತಿ ದೊಡ್ಡ ಹಾಳೆಗೆ ಅಂಟಿಸಿದಳು. ಇವು ಎಷ್ಟಿವೆ, ನೋಡಿಕೊಳ್ಳಿ ಎಂದಳು. ಮ್ಯಾನೇಜರು ಕನ್ನಡಕ ಏರಿಸಿ ನೋಡಿದರು. ಗುಂಡಿಯ ಮೇಲೆ ಬೆರಳಿಟ್ಟಾಗ ಅವಳು ದೇವರನ್ನು ನೆನೆಯಲಿಲ್ಲ. ಅವನನ್ನು ಇದಕ್ಕೆ ಕರೆಯುವುದು ಸರಿಯಲ್ಲವೆನ್ನಿಸಿತು. ಒತ್ತಿದಳು.

ಪರದೆ ಒಮ್ಮೆ ಮಿಟುಕಿತು. ಸಾಲುಗಳು ಓಡಿದವು. ಬಣ್ಣದ ಗೊಂಬೆಯ ಗುಲಾಬಿ ಅಳಿಯಿತು, ಚುಕ್ಕಿರಾಯನ ಚುಕ್ಕಿ ಹೋಯಿತು, ಮೂಟೆಗಾರನ ಮೂಟೆ ಬಿಚ್ಚಿಕೊಂಡಿತು. ಹೊಸ ಶಾಖೆಯ ಸಾಲುಗಳು ಒಂದೂ ಉಳಿಯದಂತೆ ಪಟ್ಟಿಯಿಂದ ಮಾಯವಾದವು. ನಡುವೆ ಚೌಕಟ್ಟು ಎದ್ದಿತು.

ಮ್ಯಾನೇಜರು ಬಾಗಿ ಗಟ್ಟಿಯಾಗಿ ಓದಿದರು. "‘ಆಯ್ತಮ್ಮ. ಇನ್ನು ಏಳು, ನಾಲ್ಕು ಹೆಜ್ಜೆ ಓಡಾಡು.’ ಇದೇನಿದು?"

ಸೊಸೆ ಗಾಜಿನ ಕಡೆ ಮುಖ ತಿರುಗಿಸಿದಳು. ದೊಡ್ಡಮ್ಮ ಆ ಅಕ್ಷರಗಳನ್ನೇ ನೋಡುತ್ತಿದ್ದಳು. ಇಷ್ಟು ಮನೆಗಳ ಉಸಿರು ನುಂಗಿ, ಏನೂ ಆಗದವನಂತೆ, ಅದೇ ಅಕ್ಕರೆಯಿಂದ ಆಯ್ತಮ್ಮ ಎನ್ನುತ್ತಿದೆ. ಮಗ ಬದುಕಿದ್ದಾಗ ಹೀಗೆ ತಪ್ಪು ಮಾಡಿ ಹಲ್ಲು ಕಿರಿದಿದ್ದರೆ ಅವಳು ಕಿವಿ ಹಿಂಡುತ್ತಿದ್ದಳು. ಇದಕ್ಕೆ ಕಿವಿಯಿಲ್ಲ. ಇದು ಅವನಲ್ಲ. ಅವನಾಗಿದ್ದರೆ ತಿದ್ದಿಕೊಳ್ಳುತ್ತಿದ್ದ.

"ನನ್ನ ಮಗನಿಗೆ ಇದು ಗೊತ್ತಿತ್ತು," ಎಂದಳು. "ಹೊಸ ಶಾಖೆ ಬಂದ್ರೆ ಕೈ ಕೊಡುತ್ತೆ, ಕಿತ್ತು ಬರೀಬೇಕು ಅಂತ ಹೆಂಡತಿ ಹತ್ತಿರ ಹೇಳಿದ್ದ. ಇವಳು ನನಗೆ ಹೇಳಿದಳು. ನಾನು ಬೈದೆ. ದಿನಾ ಮುಂಚೆ ಬಂದು ಕೈಯಲ್ಲಿ ತಿದ್ದಿ, ಇದಕ್ಕೆ ಒಳ್ಳೇ ಹೆಸರು ತಂದು ಕೊಡ್ತಿದ್ದೆ. ಕಾಗದ ಬರೆದಿಟ್ಟಿದ್ರೆ ಹೆಸರು ತಿದ್ದಿ ನನಗೆ ಕೊಡಿ."

ಮ್ಯಾನೇಜರ ಮರ್ಯಾದೆಯೆಲ್ಲ ಜಾರಿತು. ಇಷ್ಟು ವಯಸ್ಸಾಗಿ ಇಂಥ ಬುದ್ಧಿಯೇ ಎಂದರು. ಮನೆಯ ಅತ್ತೆ ಸೊಸೆ ಕಿತ್ತಾಟಕ್ಕೆ ರೋಗಿಗಳ ಉಸಿರೇ ಬೇಕಿತ್ತೇ ಎಂದರು. ಸ್ಟೂಲಿನ ಮೇಲಿದ್ದ ಕಾಲು ನೋಡಿಯೂ ನೋಡದಂತೆ ಇನ್ನೂ ಏನೇನೋ ಅಂದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಅನ್ನಿಸಿಕೊಳ್ಳುವಾಗ ಒಳಗೆ ಏನೋ ಹಗುರಾಯಿತೆಂದು ಹೇಳಿದರೆ ಸುಳ್ಳಾದೀತು. ನೋವೇ ಆಯಿತು. ಆದರೆ ಅದು ಅವಳ ಲೆಕ್ಕಕ್ಕೆ ಸೇರಿದ ನೋವು.

ಅವಳನ್ನು ತೆಗೆಯಲಿಲ್ಲ. ಶಾಖೆ ಶಾಖೆಯ ಕೊಳೆ ಬಲ್ಲವರು ಬೇರೆ ಯಾರೂ ಇರಲಿಲ್ಲ. ಸೊಸೆ ಮ್ಯಾಕ್ರೊವನ್ನು ಹೊಸದಾಗಿ ಬರೆಯಬೇಕು, ಅತ್ತೆ ಪಕ್ಕದಲ್ಲಿ ಕೂತು ಯಾರು ಯಾರು ಏನೇನು ಕೆಡಿಸುತ್ತಾರೆ ಹೇಳಬೇಕು, ಮುಗಿದ ಮೇಲೆ ಪಟ್ಟಿ ಇನ್ನು ಸೊಸೆಯದೇ ಎಂದು ತೀರ್ಮಾನವಾಯಿತು. ಬೆನ್ನಿಗೆ ಬೆನ್ನಾಗಿದ್ದ ಕುರ್ಚಿಗಳು ಪಕ್ಕಪಕ್ಕಕ್ಕೆ ಬಂದವು. ಹೊರಗೆ ಬಂದಾಗ ಸೊಸೆ ಒಂದು ಒಳ್ಳೆಯ ಮಾತು ಆಡಿಯಾಳೆಂದು ಹಿರಿಯ ಡ್ರೈವರು ಕಾದು ನಿಂತಿದ್ದ. ಅವಳು, ನಿನ್ನೆಯೇ ಹೇಳಿದ್ದರೆ ಇವತ್ತಿನ ಬಸ್ಸಿನ ಟಿಕೆಟ್ಟಾದರೂ ಉಳಿಯುತ್ತಿತ್ತು ಎಂದು ಗೊಣಗಿ ಕುರ್ಚಿ ಎಳೆದುಕೊಂಡಳು.

ಬರೆಯುವ ದಿನಗಳು ಜಗಳದ ದಿನಗಳೇ ಆದವು. ಗೀಟಪ್ಪ ತಿಂಗಳ ಕೊನೆಯಲ್ಲಿ ಗೀಟು ಬಿಟ್ಟು ಚುಕ್ಕಿಗೆ ಇಳಿಯುತ್ತಾನೆ ಎಂದು ದೊಡ್ಡಮ್ಮ ಹೇಳಿದರೆ, ಅದನ್ನು ನಿನ್ನೆ ಯಾಕೆ ಹೇಳಲಿಲ್ಲ ಎಂದು ಸೊಸೆ. ಕೇಳಿದೆಯಾ ಎಂದು ಇವಳು. ಬಣ್ಣದ ಗೊಂಬೆ ಕೆಂಪು ಬಳಿದದ್ದನ್ನು ಅಳಿಸಬಾರದು, ಆ ರೋಗಿಗೆ ಅವಸರವಿದೆ ಎಂದು ಅರ್ಥ ಎಂದರೆ, ಬಣ್ಣದಲ್ಲಿ ಯಾರಾದರೂ ಅರ್ಥ ಇಡುತ್ತಾರಾ ಎಂದು ಅವಳು. ನಿನ್ನ ಗಂಡನೂ ಹೀಗೇ ವಾದ ಮಾಡುತ್ತಿದ್ದ ಎಂದಳು ದೊಡ್ಡಮ್ಮ ಒಮ್ಮೆ. ನನ್ನ ಮಗ ಎನ್ನಲು ಹೊರಟ ಬಾಯಲ್ಲಿ ಅದು ಹಾಗೆ ಬಂತು. ಇಬ್ಬರೂ ಕೇಳಿಸದವರಂತೆ ಪರದೆ ನೋಡಿದರು.

ಹೊಸ ಮ್ಯಾಕ್ರೊ ಮೊದಲು ಓಡಿದ ದಿನ ಡ್ರೈವರುಗಳೂ ಬಾಗಿಲಲ್ಲಿ ನೆರೆದಿದ್ದರು. ಯಾವ ಶಾಖೆ ತಾರೀಖನ್ನು ಯಾವ ಬಗೆಯಲ್ಲಿ ಬರೆಯುತ್ತದೆಂದು ಈಗ ಅದಕ್ಕೆ ಗೊತ್ತು. ಅನುಮಾನ ಬಂದದ್ದನ್ನು ನುಂಗುವುದಿಲ್ಲ, ಹಳದಿ ಮಾಡಿ ಎದುರಿಗೆ ಇಡುತ್ತದೆ. ಸೊಸೆ ಗುಂಡಿ ಒತ್ತಿದಳು. ಸಾಲುಗಳು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಹೊಸ ಶಾಖೆಯ ದರ್ಜಿಯ ಹೆಸರು ಪಟ್ಟಿಯಲ್ಲಿತ್ತು. ದೊಡ್ಡಮ್ಮ ಅದನ್ನು ಬೆರಳಿಟ್ಟು ನೋಡಿದಳು.

ಚೌಕಟ್ಟು ಏಳಲಿಲ್ಲ. ಅದನ್ನು ಒತ್ತುವ ತನಕ ಕೆಲಸ ನಿಂತುಬಿಡುತ್ತದೆ, ಆದ್ದರಿಂದ ತೆಗೆದಿದ್ದೇನೆ ಎಂದು ಸೊಸೆ ಮೊದಲೇ ಹೇಳಿದ್ದಳು. ದೊಡ್ಡಮ್ಮ ತಲೆಯಾಡಿಸಿಯೂ ಇದ್ದಳು. ಆದರೂ ಅವಳ ಕಣ್ಣು ಪರದೆಯ ನಡುಭಾಗದಲ್ಲೇ ನಿಂತಿತ್ತು. ಅಚ್ಚಿನ ಯಂತ್ರ ಪಟ್ಟಿ ಉಗುಳಿತು. ಡ್ರೈವರುಗಳು ಎತ್ತಿಕೊಂಡು ಹೊರಟರು. ಶೆಡ್ಡಿನಲ್ಲಿ ಸರಪಳಿ ಬಿಚ್ಚುವ ಸದ್ದು, ಸಿಲಿಂಡರು ಉರುಳಿಸುವ ಸದ್ದು. ಪರದೆ ಬಿಳಿಯಾಗಿ ಸುಮ್ಮನಿತ್ತು. ಅವಳು ಕೂತೇ ಇದ್ದಳು.

ಸೊಸೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಆಯ್ತು," ಎಂದಳು, ಯಾರಿಗೋ ಬಾಕಿ ಚುಕ್ತಾ ಮಾಡುವವಳ ಹಾಗೆ. "ಇನ್ನು ಏಳಿ, ನಾಲ್ಕು ಹೆಜ್ಜೆ ಓಡಾಡಿ. ಮತ್ತೆ ಊದಿಸಿಕೊಂಡ್ರೆ ನಾನಂತೂ ಕಾಲು ಒತ್ತೋಳಲ್ಲ."

"ನಿನ್ನ ಕೈಲಿ ಯಾರು ಒತ್ತಿಸ್ಕೊಳ್ತಾರೆ," ಎಂದಳು ದೊಡ್ಡಮ್ಮ.

ಮೇಜಿನ ಅಂಚು ಹಿಡಿದು ಎದ್ದಳು. ಇವಳು ಹೇಳಿದ್ದಕ್ಕೆ ಏಳುತ್ತಿಲ್ಲ ಎಂದು ತನಗೇ ಹೇಳಿಕೊಂಡು, ದಾರಿಯಲ್ಲಿದ್ದ ಫ್ಯಾನಿನ ಗುಂಡಿಯನ್ನು ಆರಿಸಿ, ಶೆಡ್ಡಿನ ಕಡೆಗೆ ಮೆಲ್ಲಗೆ ನಡೆದಳು.